ಫೆರಿ ಹತ್ತದ ಹುಡುಗಿ

“ಬಾಕಿ ಎಲ್ಲ ಬಟ್ಟೆ ಒಗೆದು ಮಡಚಿಟ್ಟೆ ಮಗಾ. ಇದೊಂದನ್ನು ಒಗೀಲಿಕ್ಕೆ ಕೈ ಬರ್ಲಿಲ್ಲ,” ಎಂದು ಆಗ್ನೆಸ್ ಆ ಹಳದಿ ಜಾಕೆಟ್ಟನ್ನು ಮೈತ್ರಿಯ ಮಡಿಲ ಮೇಲಿಟ್ಟರು.

ಇಟ್ಟವರು ಕೈ ತೆಗೆಯಲಿಲ್ಲ. ಅದರ ಒಂದು ತೋಳನ್ನು ಹಿಡಿದುಕೊಂಡೇ ಪಕ್ಕದಲ್ಲಿ ಕೂತರು.

ಮೂರು ವಾರದ ಹಿಂದಿನ ಭಾನುವಾರ, ಸಿಯಾಟಲ್ ಹತ್ತಿರದ ಮುಕಿಲ್ಟಿಯೊದಿಂದ ಎದುರಿನ ದ್ವೀಪಕ್ಕೆ ಹೋಗಿಬರುವ ಫೆರಿಯ ಡೆಕ್ಕಿನ ಸೀಟಿನ ಮೇಲೆ ಈ ಜಾಕೆಟ್ಟೂ ಅದರ ಜೇಬಿನಲ್ಲಿ ಕ್ರಿಸ್ಟಿನಾಳ ಫೋನೂ ಸಿಕ್ಕಿದ್ದವು. ಮರುದಿನ ಬೆಳಿಗ್ಗೆ ನೀರಿನಲ್ಲಿ ಕ್ರಿಸ್ಟಿನಾ ಸಿಕ್ಕಿದ್ದಳು. ಹಳದಿ ಜಾಕೆಟ್ ತೊಟ್ಟು, ಅದರ ಮುಸುಕನ್ನು ತಲೆಗೆ ಎಳೆದುಕೊಂಡ ಹೆಂಗಸೊಬ್ಬಳು ಒಂಟಿಯಾಗಿ ಫೆರಿ ಹತ್ತಿದ್ದು ಕ್ಯಾಮೆರಾದಲ್ಲಿತ್ತು. ನಡುನೀರಿನಲ್ಲಿ ಬಿದ್ದಳು, ಇಲ್ಲವೇ ಹಾರಿದಳು ಎಂದು ಪೊಲೀಸರು ವಿಚಾರಣೆ ಮುಗಿಸುವುದರಲ್ಲಿದ್ದರು.

ಕ್ರಿಸ್ಟಿನಾ ಆಗ್ನೆಸ್‌ಗೆ ಅಣ್ಣನ ಮಗಳು. ಮೈತ್ರಿಗೆ ಏನಾಗಬೇಕು ಎಂದು ಕೇಳಿದರೆ ಒಂದು ಮಾತಿನಲ್ಲಿ ಹೇಳುವುದು ಕಷ್ಟ.

ಎರಡು ವರ್ಷದ ಹಿಂದೆ, ತುಮಕೂರಿನಿಂದ ಎಂ.ಎ. ಓದಲು ಬಂದ ಮೈತ್ರಿ ಸಿಯಾಟಲ್ ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಕಳೆದುಕೊಂಡು ಅಳು ನುಂಗುತ್ತ ನಿಂತಿದ್ದಳು. ಆಗ ಜನಜಂಗುಳಿಯ ನಡುವೆ ಅವಳ ಕಣ್ಣಿಗೆ ಬಿದ್ದದ್ದು ಇದೇ ಹಳದಿ. ಬೆನ್ನ ಮೇಲೆ ಆಲ್ಡರ್‌ವ್ಯೂ ಯುನಿವರ್ಸಿಟಿಯ ಹೆಸರು. ಒಳಗಿದ್ದ ಹುಡುಗಿ ಮುಖ ನೋಡಿಯೇ, “ಕನ್ನಡ ಬರ್ತದಲ್ಲ ನಿಂಗೆ? ಹಾಗಾದ್ರೆ ಅರ್ಧ ತೊಂದರೆ ಮುಗೀತು,” ಎಂದಿದ್ದಳು. ಈ ದೇಶದಲ್ಲಿ ಮೈತ್ರಿಯೊಡನೆ ಆಡಿದ ಮೊದಲ ಕನ್ನಡದ ಮಾತು ಅದು. ಈಗ ಆ ಹುಡುಗಿ ಕೂರುತ್ತಿದ್ದ ಕುರ್ಚಿಯಲ್ಲೇ ಮೈತ್ರಿ ಕೂರುತ್ತಾಳೆ. ಇಂಟರ್‌ನ್ಯಾಷನಲ್ ಆಫೀಸಿನ ಹೊಸ ಟ್ರೈನಿ ಅವಳೇ. ಮೇಜಿನ ಖಾನೆಯಲ್ಲಿ ಉಳಿದಿದ್ದ ಕ್ರಿಸ್ಟಿನಾಳ ಕಾಫಿ ಕಪ್ಪು, ಚಪ್ಪಲಿ, ಜಪಮಣಿಗಳನ್ನು ಮನೆಯವರಿಗೆ ತಲುಪಿಸಿ ಬಾ ಎಂದು ಆಫೀಸಿನವರು ಕಳಿಸಿದ್ದರಿಂದ ಈ ಭಾನುವಾರ ಇಲ್ಲಿಗೆ ಬಂದಿದ್ದಳು.

ಮನೆಯಲ್ಲಿ ಆಗ್ನೆಸ್ ಒಬ್ಬರೇ. ಗಂಡ ಆಲ್ಫ್ರೆಡ್ ವಿಮಾನ ಕಾರ್ಖಾನೆಯಲ್ಲಿ ಭಾನುವಾರದ ಪಾಳಿಯನ್ನೂ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಕೂತರೆ ಕ್ರಿಸ್ಟಿನಾಳ ಕೋಣೆಯ ಬಾಗಿಲು ಕಾಣುತ್ತದೆ, ಅದಕ್ಕೆ ಎಂದು ಆಗ್ನೆಸ್ ಹೇಳಿದರು.

ಆಮೇಲೆ ಅವರು ಹೇಳಿದ ಮಾತೇ ಮೈತ್ರಿಯನ್ನು ಹಿಡಿದು ನಿಲ್ಲಿಸಿತು.

ಕ್ರಿಸ್ಟಿನಾಳ ತಂದೆ ಮಲ್ಪೆಯಲ್ಲಿ ಟ್ರಾಲರ್ ಬೋಟು ನಡೆಸುತ್ತಿದ್ದವರು. ಅವಳು ಚಿಕ್ಕವಳಿದ್ದಾಗ ಒಂದು ದಿನ ಸಮುದ್ರಕ್ಕೆ ಹೋದವರು ತಿರುಗಿ ಬರಲಿಲ್ಲ. ದೇಹವೂ ಸಿಗಲಿಲ್ಲ. ಅಂದಿನಿಂದ ಹುಡುಗಿ ಬೋಟಿಗೆ ಕಾಲಿಟ್ಟವಳಲ್ಲ. ಇಲ್ಲಿಗೆ ಬಂದ ಮೇಲೂ ನೆಂಟರು, ಚರ್ಚಿನವರು ಎಲ್ಲ ಫೆರಿ ಹತ್ತಿ ದ್ವೀಪಕ್ಕೆ ಪಿಕ್‌ನಿಕ್‌ಗೆ ಹೊರಟರೆ, ಅವಳೊಬ್ಬಳು ಕಾರು ತೆಗೆದುಕೊಂಡು ದ್ವೀಪದ ಉತ್ತರ ತುದಿಯ ಸೇತುವೆ ಸುತ್ತಿ, ಇವರೆಲ್ಲ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ತಲುಪುವಳು. ತಮಾಷೆ ಮಾಡಿದರೆ ನಗುವಳು, ಆದರೆ ಹತ್ತುವವಳಲ್ಲ.

“ಸಾಯ್ಲಿಕ್ಕೇ ಹೊರಟವಳಾದ್ರೂ ಅವಳು ಬೋಟು ಹತ್ತಿ ಸಾಯುವವಳಲ್ಲ,” ಎಂದರು ಆಗ್ನೆಸ್. “ಅದನ್ನು ಪೊಲೀಸರಿಗೆ ಹೇಳಿದೆ. ತಲೆ ಆಡಿಸಿದ್ರು. ಬರ್ಕೊಳ್ಲಿಲ್ಲ.”

ಮೈತ್ರಿ ಜಾಕೆಟ್ಟನ್ನು ಸವರುತ್ತ ಕೂತಳು. ಕೈ ಮುಸುಕಿನ ಒಳಬದಿಗೆ ಹೋಯಿತು. ಮೆತ್ತನೆಯ ಅಸ್ತರಿನಲ್ಲಿ, ಹಣೆಗೆ ತಾಗುವ ಜಾಗದಲ್ಲಿ, ಏನೋ ಸಣ್ಣದೊಂದು ಉಗುರಿಗೆ ಸಿಕ್ಕಿತು.

ತಿರುಗಿಸಿ ನೋಡಿದಳು. ಒಂದು ಸ್ಟಿಕ್ಕರ್ ಬೊಟ್ಟು. ಕಡುಗೆಂಪು ಬಣ್ಣ, ನೀರಿನ ಹನಿಯ ಆಕಾರ, ತುದಿಯಲ್ಲಿ ಎರಡು ಹೊಳಪಿನ ಕಲ್ಲು.

“ಆಂಟಿ, ಕ್ರಿಸ್ಟಿನಾ ಯಾವತ್ತಾದ್ರೂ ಬೊಟ್ಟು ಇಡ್ತಿದ್ಲಾ?”

“ಇಲ್ಲ ಮಗಾ. ಸೀರೆ ಉಟ್ಟ ದಿನ ಸಹ ಇಲ್ಲ. ಯಾಕೆ?”

ಯಾಕೆ ಎಂದು ಮೈತ್ರಿಗೆ ಗೊತ್ತಿತ್ತು. ಅವತ್ತಿನ ಮಳೆಯಲ್ಲಿ ಮುಸುಕನ್ನು ಹಣೆಯವರೆಗೆ ಎಳೆದುಕೊಂಡವಳ ಬೊಟ್ಟು ಅಸ್ತರಿಗೆ ಅಂಟಿಕೊಂಡಿದೆ. ಕ್ಯಾಮೆರಾದಲ್ಲಿ ಕಂಡದ್ದು ಜಾಕೆಟ್ಟು. ಮುಖವನ್ನು ಯಾರೂ ಕಂಡಿಲ್ಲ. ಇಂಥದೇ ಬೊಟ್ಟು ಒಂದು ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿರುವುದನ್ನು ಮೈತ್ರಿ ಎಷ್ಟೋ ಭಾನುವಾರ ನೋಡಿದ್ದಳು. ಆ ಮನೆಯಲ್ಲಿ ಅವಳಿಗೆ ಇವತ್ತೂ ಊಟಕ್ಕೆ ಕರೆಯಿತ್ತು.

ಇದನ್ನು ತೆಗೆದುಕೊಳ್ಳಲೇ ಎಂದು ಕೇಳಿ, ಬೊಟ್ಟನ್ನು ಕಾಗದದ ಕರವಸ್ತ್ರದಲ್ಲಿ ಮಡಚಿ ಪರ್ಸಿಗೆ ಹಾಕಿಕೊಂಡಳು. ಏಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದಳು: ಕೊನೆಯ ದಿನಗಳಲ್ಲಿ ಕ್ರಿಸ್ಟಿನಾ ಆಫೀಸಿನ ವಿಷಯ ಏನಾದರೂ ಆಡಿದ್ದುಂಟೆ?

ಆಗ್ನೆಸ್ ಜಾಕೆಟ್ಟನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ಒಬ್ಬ ಹುಡುಗನಿಗೆ ಅನ್ಯಾಯ ಆಗಿದೆ ಆಂಟಿ ಅಂತ ಹೇಳಿದ್ಲು. ಮಾಡಿದವರು ಯಾರು ಅಂತ ಕೇಳಿದೆ. ಮಾಡಿದವರು ಒಳ್ಳೆಯವರು, ಅದೇ ಕಷ್ಟ ಅಂದ್ಲು.”

*

ಮೈತ್ರಿ ನೇರವಾಗಿ ಊಟಕ್ಕೆ ಕರೆದವರ ಮನೆಗೆ ಹೋಗಲಿಲ್ಲ. ಗುಡ್ಡವಿಳಿದು ಫೆರಿ ಕಟ್ಟೆಯ ಹತ್ತಿರ ಕಾರು ನಿಲ್ಲಿಸಿದಳು.

ಜಿನುಗು ಮಳೆ. ನಡೆದು ಹತ್ತುವವರು ಸಾಲಾಗಿ ನಿಲ್ಲುವ ಜಾಗದಿಂದ ನೋಡಿದರೆ ನೀರು, ಎದುರಿನ ದ್ವೀಪ, ರೈಲು ಹಳಿ ಎಲ್ಲ ಕಾಣುತ್ತಿತ್ತು. ಆದರೆ ದೀಪಸ್ತಂಭದ ಆಚೆ, ಅಲೆ ತಂದು ಹಾಕಿದ ಮರದ ದಿಮ್ಮಿಗಳು ಬಿದ್ದಿದ್ದ ದಂಡೆ ಮಾತ್ರ ಕಾಣುತ್ತಿರಲಿಲ್ಲ. ಅಲ್ಲಿ ಯಾರಾದರೂ ಕೂತಿದ್ದರೆ ಈ ಸಾಲಿನಲ್ಲಿ ನಿಂತವರಿಗೆ ತಿಳಿಯುವಂತಿರಲಿಲ್ಲ. ಅವಳು ಅಲ್ಲಿಗೆ ನಡೆದುಹೋಗಿ ಒಂದು ದಿಮ್ಮಿಯ ಮೇಲೆ ಕೂತಳು. ಫೆರಿ ಹತ್ತಲು ಹೆದರುವವಳು ಯಾರಿಗಾದರೂ ಕಾಯಬೇಕಾಗಿ ಬಂದರೆ ಇಲ್ಲೇ ಕಾಯುತ್ತಿದ್ದಳೇನೋ ಅನ್ನಿಸಿತು. ಕಾರ್ಖಾನೆಯಿಂದ ಹೊರಟ ಹೊಸ ವಿಮಾನವೊಂದು ಮೋಡದೊಳಗೆ ಗುಡುಗುತ್ತ ಹೋಯಿತು. ಮೈತ್ರಿ ಮೊದಲ ಬಾರಿಗೆ ಕ್ರಿಸ್ಟಿನಾಳಿಗಾಗಿ ಗಟ್ಟಿಯಾಗಿ ಅತ್ತಳು. ಆಫೀಸಿನಲ್ಲಿ ಅಳಲು ಹೊತ್ತೇ ಸಿಕ್ಕಿರಲಿಲ್ಲ.

ಇಂಟರ್‌ನ್ಯಾಷನಲ್ ಆಫೀಸಿನ ಟ್ರೈನಿ ಎಂದರೆ ಊರಿನಲ್ಲಿ ದೊಡ್ಡ ಹುದ್ದೆಯಂತೆ ಕೇಳಿಸುತ್ತದೆ. ಅಮ್ಮ ತುಮಕೂರಿನ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮಾಡುವುದು ಮಾತ್ರ ಬೇರೆ. ಹೊಸ ಹುಡುಗರನ್ನು ಏರ್‌ಪೋರ್ಟಿನಿಂದ ಕರೆತರುವುದು, ಕಂಬಳಿ ಕೊಡಿಸುವುದು, ಹೀಟರ್ ಹಚ್ಚುವುದು ಹೇಗೆಂದು ತೋರಿಸುವುದು. ಮಗಳು ಫೋನ್ ಎತ್ತುತ್ತಿಲ್ಲ ಎಂದು ಕೊಯಮತ್ತೂರಿನಿಂದ ಗೋಳಾಡುವ ತಾಯಿಗೆ ಬರುವಷ್ಟು ತಮಿಳಿನಲ್ಲೇ ಸಮಾಧಾನ ಹೇಳುವುದು. ತಂದೆ ತೀರಿಕೊಂಡ ಹುಡುಗನ ಪಕ್ಕ ಕೂತು ಟಿಕೆಟ್ ಹುಡುಕುವುದು. ಈ ಎಲ್ಲದರ ಜೊತೆಗೆ ಒಂದು ಕಣ್ಣನ್ನು ಸದಾ ನಿಯಮದ ಮೇಲಿಟ್ಟಿರುವುದು. ಹೊರದೇಶದ ವಿದ್ಯಾರ್ಥಿ ಆಫೀಸಿನ ಒಪ್ಪಿಗೆಯಿಲ್ಲದೆ ಓದುತ್ತಿರುವ ಒಂದು ವಿಷಯ ಕೈಬಿಟ್ಟರೂ ಅವನು ಈ ದೇಶದಲ್ಲಿರುವ ಹಕ್ಕೇ ಹೋಗುತ್ತದೆ.

ದಾವಣಗೆರೆಯ ಪೃಥ್ವಿಗೆ ಆದದ್ದೂ ಅದೇ. ಅವನಿಗೆ ನ್ಯುಮೋನಿಯಾ ಆಗಿತ್ತು, ಎರಡು ವಿಷಯ ಬಿಟ್ಟ, ಒಪ್ಪಿಗೆ ಸಿಕ್ಕಿರಲಿಲ್ಲ. ಆಫೀಸಿಗೆ ತಡವಾಗಿ ಬಂದ, ಏನೂ ಮಾಡಲಾಗಲಿಲ್ಲ ಎಂದು ಆಫೀಸಿನ ಹಿರಿಯ ಸಲಹೆಗಾರ ಚಕ್ರಪಾಣಿ ಎಲ್ಲರಿಗೂ ಹೇಳಿದ್ದರು. ಹುಡುಗ ಊರಿಗೆ ಹೋದ ಎಂದೇ ಎಲ್ಲರೂ ತಿಳಿದಿದ್ದರು. ಅವನು ಆಫೀಸಿಗೆ ಬಂದ ದಿನ ಮುಂದಿನ ಮೇಜಿನಲ್ಲಿ ಕೂತಿದ್ದವಳು ಕ್ರಿಸ್ಟಿನಾ ಒಬ್ಬಳೇ.

‘ಮಾಡಿದವರು ಒಳ್ಳೆಯವರು.’

ಚಕ್ರಪಾಣಿಗಿಂತ ಒಳ್ಳೆಯವರನ್ನು ಮೈತ್ರಿ ಈ ಊರಿನಲ್ಲಿ ಕಂಡಿರಲಿಲ್ಲ. ಆ ಬೊಟ್ಟು ಅವರ ಹೆಂಡತಿ ಶಾಮಲಾ ಅವರದು. ಮೈಸೂರಿನ ಅಂಗಡಿಯಿಂದಲೇ ತರಿಸಿಕೊಳ್ಳುವ ಬೊಟ್ಟು. ಇಲ್ಲಿ ಬೇರೆ ಯಾರ ಹಣೆಯಲ್ಲೂ ಅವಳು ಅದನ್ನು ನೋಡಿರಲಿಲ್ಲ.

*

ಮಿಲ್ ಕ್ರೀಕ್‌ನ ಚಕ್ರಪಾಣಿಯವರ ಮನೆಯ ಬಾಗಿಲಲ್ಲಿ ಶಾಮಲಾ ಆಗಷ್ಟೇ ಹೊರಗಿನಿಂದ ಬಂದವರಂತೆ ಕೊಡೆ ಒದರುತ್ತಿದ್ದರು. “ಬಾರೇ, ನಿಂಗೋಸ್ಕರ ಹಾಗಲಕಾಯಿ ಗೊಜ್ಜು ಮಾಡಿದೀನಿ,” ಎಂದರು. ದನಿ ಎಂದಿನದು, ಕಣ್ಣು ಎಂದಿನದಲ್ಲ. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಹಣೆಯಲ್ಲಿ ಅದೇ ಕಡುಗೆಂಪು ಹನಿ.

ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಮೂವರೇ ಊಟಕ್ಕೆ ಕೂತರು. ಆ ಮನೆಯಲ್ಲಿ ಏನೋ ಬದಲಾಗಿರುವುದನ್ನು ಮೈತ್ರಿ ಈ ಮೂರು ಭಾನುವಾರಗಳಿಂದ ಕಂಡಿದ್ದಳು. ಗಂಡ ಹೆಂಡತಿ ಒಬ್ಬರಿಗೊಬ್ಬರು ಉಪ್ಪು ದಾಟಿಸುವಾಗಲೂ ಮುಖ ನೋಡುತ್ತಿರಲಿಲ್ಲ. ಸಾವಿನ ದುಃಖ ಎಂದುಕೊಂಡಿದ್ದಳು.

ಚಕ್ರಪಾಣಿ ಆಗ್ನೆಸ್ ಹೇಗಿದ್ದಾರೆ ಎಂದು ವಿಚಾರಿಸಿದರು. ಸಾಮಾನೆಲ್ಲ ತಲುಪಿಸಿದೆಯಾ ಎಂದರು. ಮೈತ್ರಿ ಎಲ್ಲಕ್ಕೂ ಉತ್ತರ ಕೊಟ್ಟಳು. ಸಾರನ್ನ ಮುಗಿಯುವವರೆಗೆ ತಡೆದಳು. ಆಮೇಲೆ ತಡೆಯಲಾಗಲಿಲ್ಲ.

“ಸರ್, ಪೃಥ್ವಿ ನಿಜವಾಗ್ಲೂ ತಡವಾಗಿ ಬಂದಿದ್ನಾ?”

ಚಕ್ರಪಾಣಿಯ ಕೈ ತಟ್ಟೆಯ ಮೇಲೆ ನಿಂತಿತು.

“ಯಾಕಮ್ಮ ಈಗ ಆ ಮಾತು?”

“ಕ್ರಿಸ್ಟಿನಾ ಆಗ್ನೆಸ್ ಆಂಟಿ ಹತ್ರ ಹೇಳಿದ್ಲಂತೆ. ಒಬ್ಬ ಹುಡುಗನಿಗೆ ಅನ್ಯಾಯ ಆಗಿದೆ ಅಂತ.”

ಚಕ್ರಪಾಣಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ದನಿ ಮೆತ್ತಗೇ ಇತ್ತು. “ನಿನ್ನ ಕೆಲಸದ ಪೇಪರ್ಸ್ ಮುಂದಿನ ತಿಂಗಳು ನನ್ನ ಹತ್ರಾನೇ ಬರತ್ತೆ ಮೈತ್ರಿ. ಹೆದರಿಸ್ತಿದೀನಿ ಅಂತ ತಿಳ್ಕೋಬೇಡ. ಯೋಚನೆ ಮಾಡಿ ಮಾತಾಡು ಅಂತಿದೀನಿ ಅಷ್ಟೆ.”

ಆ ಪೇಪರಿಗೆ ಅವರ ಸಹಿ ಬೀಳದಿದ್ದರೆ ಮೈತ್ರಿಯೂ ಪೃಥ್ವಿಯಂತೆಯೇ ಸೂಟ್‌ಕೇಸ್ ಕಟ್ಟಬೇಕು. ಅಮ್ಮ ಬೀದಿಗೆಲ್ಲ ಹೇಳಿದ್ದು ನೆನಪಾಯಿತು. ಏಳೋಣ, ಕೈ ತೊಳೆದು ಹೊರಟುಬಿಡೋಣ ಅನ್ನಿಸಿದ್ದೂ ನಿಜ. ಆದರೆ ಜಾಕೆಟ್ಟಿನ ತೋಳು ಹಿಡಿದು ಕೂತಿದ್ದ ಆಗ್ನೆಸ್ ಕಣ್ಣ ಮುಂದೆಯೇ ಇದ್ದರು.

ಎಡಗೈಯಿಂದ ಪರ್ಸು ತೆಗೆದು, ಕಾಗದದ ಮಡಿಕೆ ಬಿಚ್ಚಿ, ಬೊಟ್ಟನ್ನು ಮೇಜಿನ ಮೇಲಿಟ್ಟಳು.

“ಇದು ಕ್ರಿಸ್ಟಿನಾ ಜಾಕೆಟ್ಟಿನ ಮುಸುಕಿನ ಒಳಗಿತ್ತು.”

ಚಕ್ರಪಾಣಿ ಅದನ್ನು ನೋಡಿದರು. ಅವರಿಗೆ ಏನೂ ಅರ್ಥವಾಗಲಿಲ್ಲ. ಅದು ನಟನೆಯಲ್ಲ ಎಂದು ಮೈತ್ರಿಗೆ ಕಂಡಿತು. ಅರ್ಥವಾಗದವರು ನಿಧಾನವಾಗಿ ತಲೆ ಎತ್ತಿ ಹೆಂಡತಿಯ ಹಣೆ ನೋಡಿದರು.

ಶಾಮಲಾ ಕೈಯಲ್ಲಿದ್ದ ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟರು.

“ಅದು ನಂದೇ. ಅವತ್ತು ಫೆರಿ ಹತ್ತಿದ್ದು ನಾನು.”

ಆಮೇಲೆ ಶಾಮಲಾ ಮೊದಲಿನಿಂದ ಹೇಳುತ್ತ ಹೋದರು.

ಪೃಥ್ವಿ ಊರಿಗೆ ಹೋಗಿರಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂದು ಅಳುತ್ತಿದ್ದವನಿಗೆ ಕ್ರಿಸ್ಟಿನಾ ದ್ವೀಪದಲ್ಲಿ, ಚರ್ಚಿನ ಪರಿಚಯದ ಒಬ್ಬ ಮುದುಕಿಯ ಮನೆಯ ಹಿಂದಿನ ಕೋಣೆ ಕೊಡಿಸಿದ್ದಳು. ಅವನ ಆರೋಗ್ಯ ಇನ್ನೂ ಸುಧಾರಿಸಿರಲಿಲ್ಲ. ಊಟ ಸೇರುತ್ತಿಲ್ಲ, ನಿದ್ದೆಯಿಲ್ಲ, ಏನು ಮಾಡಲಿ ಎಂದು ಅವಳು ಶಾಮಲಾ ಹತ್ತಿರ ಬಂದಿದ್ದಳು. ಹಾಗೆ ಬಂದಾಗಲೇ ನಡೆದದ್ದೆಲ್ಲ ಶಾಮಲಾಗೆ ಗೊತ್ತಾಯಿತು. ಹುಡುಗ ಸರಿಯಾದ ಹೊತ್ತಿಗೇ ಆಫೀಸಿಗೆ ಬಂದಿದ್ದ. ಒಪ್ಪಿಗೆ ಕೊಡಲು ಮರೆತವರು ಚಕ್ರಪಾಣಿ. ಗಂಡನಿಗೆ ಹೇಳದೆ ಶಾಮಲಾ ಡಬ್ಬಿಯಲ್ಲಿ ಅನ್ನ ಸಾರು ಹಾಕಿಕೊಂಡು ದ್ವೀಪಕ್ಕೆ ಹೋಗಿಬರಲು ಶುರುಮಾಡಿದರು.

“ಇವರನ್ನೂ ಅವನನ್ನೂ ಎದುರುಬದುರು ಕೂರಿಸ್ಬೇಕು ಅಂದ್ಲು ಕ್ರಿಸ್ಟಿನಾ. ಮುಖ ನೋಡಿದ್ರೆ ಸರ್‌ಗೆ ಸುಳ್ಳು ಹೇಳಕ್ಕಾಗಲ್ಲ ಅಂತ. ಇವರಿಗೆ ಫೋನ್ ಮಾಡಿ ಮುಕಿಲ್ಟಿಯೊ ದಂಡೆಗೆ ಬರಕ್ಕೆ ಹೇಳಿದ್ಲು. ಅವನನ್ನ ಕರ್ಕೊಂಡು ಬರಕ್ಕೆ ಅವಳಿಗೆ ಫೆರಿ ಹತ್ತಕ್ಕಾಗಲ್ವಲ್ಲ. ನಾನು ಹೋದೆ. ಮಳೆ ಬರ್ತಿತ್ತು. ನಾನು ಬರೀ ಸ್ವೆಟರ್‌ನಲ್ಲಿ ಬಂದಿದ್ದೆ. ನೆನೀಬೇಡಿ ಅಕ್ಕ ಅಂತ ತನ್ನ ಜಾಕೆಟ್ ಬಿಚ್ಚಿ ನಂಗೆ ಹಾಕಿದ್ಲು. ಮುಸುಕನ್ನೂ ಅವಳೇ ಎಳೆದ್ಲು.”

ಶಾಮಲಾ ಮುಂದುವರಿಸಿದರು. ಆಚೆ ದಡದಲ್ಲಿ ಪೃಥ್ವಿ ಇರಲಿಲ್ಲ. ಕಾದರು, ಬರಲಿಲ್ಲ. ಮುಂದಿನ ಫೆರಿಯಲ್ಲಿ ಒಬ್ಬರೇ ವಾಪಸಾದರು. ನೆನೆದ ಜಾಕೆಟ್ಟನ್ನು ಬಿಚ್ಚಿ ಸೀಟಿನ ಮೇಲೆ ಹಾಕಿದ್ದವರು, ಇಳಿಯುವ ಗಡಿಬಿಡಿಯಲ್ಲಿ ಅಲ್ಲೇ ಮರೆತರು. ದಂಡೆಗೆ ಬಂದರೆ ಕ್ರಿಸ್ಟಿನಾ ಇಲ್ಲ. ಮನೆಗೆ ಬಂದರೆ ಗಂಡ ಒದ್ದೆ ಬಟ್ಟೆಯಲ್ಲೇ, ದೀಪ ಹಾಕದೆ ಕೂತಿದ್ದರು.

“ನೀನಾ,” ಎಂದರು ಚಕ್ರಪಾಣಿ. ದನಿ ಒಡೆದುಹೋಗಿತ್ತು. “ನಾನು ನೋಡಿದ್ದು ನಿನ್ನನ್ನಾ?”

ಚಕ್ರಪಾಣಿಯೂ ಅಂದು ಅಲ್ಲಿಗೆ ಬಂದಿದ್ದರು. ಕಾರಿನಿಂದ ಇಳಿದು ನೋಡಿದರೆ ಹಳದಿ ಜಾಕೆಟ್ಟು ಫೆರಿಯ ಸಾಲಿನಲ್ಲಿ ಮುಂದೆ ಹೋಗುತ್ತಿತ್ತು. ಹುಡುಗಿ ಮನಸ್ಸು ಬದಲಿಸಿ ಎದ್ದುಹೋದಳು ಎಂದುಕೊಂಡರು. ಕೂಗಲಿಲ್ಲ. ಮುಖ ಕೊಟ್ಟು ಮಾತಾಡಬೇಕಾಗಿ ಬರಲಿಲ್ಲವಲ್ಲ ಎಂದು ಒಳಗೊಳಗೇ ಹಗುರವಾಯಿತು. ಮಳೆಯಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಬಂದರು. ಮರುದಿನ ಸುದ್ದಿ ಬಂತು.

“ಪೃಥ್ವಿ ಬಂದಿದ್ದು ನಮ್ಮಮ್ಮ ತೀರ್ಕೊಂಡ ವಾರ,” ಎಂದು ಅವರು ಮೈತ್ರಿಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. “ಮೈಸೂರಿಂದ ಫೋನ್ ಬಂತು, ಎಲ್ಲಾ ಬಿಟ್ಟು ಓಡ್ದೆ. ವಾಪಸ್ ಬಂದಾಗ ಟೈಮ್ ಮುಗಿದಿತ್ತು. ಅವನೇ ಲೇಟಾಗಿ ಬಂದ ಅಂತ ಬಾಯಿಗೆ ಬಂತು. ಒಂದ್ಸಲ ಬಂದಿದ್ದನ್ನ ವಾಪಸ್ ತಗೊಳ್ಳಕ್ಕಾಗ್ಲಿಲ್ಲ. ನನ್ನ ಮುಖ ನೋಡಕ್ಕೆ ಹೇಸಿ ಆ ಹುಡುಗಿ ನೀರಿಗೆ ಹಾರಿದ್ಲು ಅಂತ ಈ ಮೂರು ವಾರ...”

“ನಾನು ನೀವೇ ಅಂತ ತಿಳ್ಕೊಂಡಿದ್ದೆ ರೀ,” ಎಂದರು ಶಾಮಲಾ.

ಮೂರು ವಾರ ಒಂದೇ ಸೂರಿನಡಿ, ಕೈಹಿಡಿದವನು ಕೊಲೆಗಾರ ಎಂದು ನಂಬಿ, ಅವನಿಗೆ ಬಡಿಸಿ, ಅವನ ಬಟ್ಟೆ ಮಡಚಿ, ಪೊಲೀಸರಿಗೆ ಬಾಯಿಬಿಡದೆ ಬದುಕಿದ್ದರು ಆಕೆ. ಪೊಲೀಸರ ಮಾತು ಸುಳ್ಳು ಎಂದು ಆಕೆಯೊಬ್ಬಳಿಗೇ ಗೊತ್ತಿತ್ತು. ಚಕ್ರಪಾಣಿ ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡರು. ಶಾಮಲಾ ಎದ್ದು ಅವರ ಹಿಂದೆ ನಿಂತು, ಹೆಗಲ ಮೇಲೆ ಕೈಯಿಡಬೇಕೋ ಬೇಡವೋ ಎಂಬಂತೆ ಕೈ ಎತ್ತಿ, ಕೊನೆಗೆ ಇಟ್ಟರು.

ಮೈತ್ರಿ ತಟ್ಟೆ ನೋಡುತ್ತ ಕೂತಳು. ಇವರಿಬ್ಬರ ನಡುವೆ ಕೂತಿರುವುದೇ ತಪ್ಪು ಅನ್ನಿಸುತ್ತಿತ್ತು. ಆದರೆ ತಲೆಯ ಒಂದು ಮೂಲೆ ಸುಮ್ಮನಿರಲಿಲ್ಲ. ಶಾಮಲಾ ಫೆರಿಯಲ್ಲಿದ್ದರು. ಚಕ್ರಪಾಣಿ ದಂಡೆಯವರೆಗೂ ಬರಲೇ ಇಲ್ಲ. ಕ್ರಿಸ್ಟಿನಾ ದಿಮ್ಮಿಗಳ ಹತ್ತಿರ ಮಳೆಯಲ್ಲಿ, ಜಾಕೆಟ್ಟಿಲ್ಲದೆ ಕಾಯುತ್ತಿದ್ದಳು. ಅವಳು ಅಲ್ಲಿರುತ್ತಾಳೆ ಎಂದು ಇನ್ನು ಯಾರಿಗೆ ಗೊತ್ತಿತ್ತು?

“ಶಾಮಲಕ್ಕ, ಅವತ್ತು ಪೃಥ್ವಿ ಯಾಕೆ ಬರ್ಲಿಲ್ಲ ಅಂತ ಹೇಳಿದ್ನಾ?”

ಶಾಮಲಾ ಸೆರಗಿನಿಂದ ಕಣ್ಣೊರಸಿಕೊಂಡರು. ದಂಡೆಗೆ ಬರಬೇಕೆಂದು ಕ್ರಿಸ್ಟಿನಾ ಹೇಳಿದ್ದಳಂತೆ, ಆದರೆ ಕರೆಯಲು ತಾನು ಬರುವುದು ಅವನಿಗೆ ಗೊತ್ತಿರಲಿಲ್ಲವಂತೆ, ಕಾಯಲಾರದೆ ಮುಂಚಿನ ಫೆರಿಯಲ್ಲೇ ಈಚೆಗೆ ಬಂದುಬಿಟ್ಟಿದ್ದನಂತೆ ಎಂದರು. “ಕತ್ತಲಾಗೋ ಹೊತ್ತಿಗೆ ಫೋನ್ ಮಾಡಿದ್ದ. ಒಂದೇ ಸಮ ಅಳ್ತಿದ್ದ ಪಾಪ. ಕ್ರಿಸ್ಟಿನಾ ಹೋಗ್ಬಿಟ್ಳು ಅಕ್ಕ, ಹೋಗ್ಬಿಟ್ಳು ಅಂತ. ಅವಳು ಕಾದು ಕಾದು ಮನೆಗೆ ಹೋಗಿರ್ತಾಳೆ, ಅಳಬೇಡ, ಇನ್ನೊಂದಿನ ಕೂತು ಮಾತಾಡೋಣ ಅಂತ ಸಮಾಧಾನ ಹೇಳಿದೆ.”

“ಅದು ಯಾವತ್ತು?”

“ಅವತ್ತೇ. ಭಾನುವಾರ.”

ಹೇಳಿದ ಮೇಲೆ ಶಾಮಲಾರ ಬಾಯಿ ಹಾಗೇ ಅರೆತೆರೆದು ನಿಂತಿತು. ಸುದ್ದಿ ಬಂದದ್ದು ಸೋಮವಾರ. ಭಾನುವಾರ ಸಂಜೆ ಕ್ರಿಸ್ಟಿನಾ ಇಲ್ಲವೆಂದು ಈ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಹೋಗ್ಬಿಟ್ಳು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಶಾಮಲಾರ ತಾಯಿಹೃದಯ ಹಗುರವಾದ ಅರ್ಥವನ್ನು ಆರಿಸಿಕೊಂಡಿತ್ತು. ಮರುದಿನ ಸುದ್ದಿ ಬಂದಾಗ ಆಕೆಗೆ ಕಂಡದ್ದು ಒದ್ದೆ ಬಟ್ಟೆಯ ಗಂಡ ಮಾತ್ರ. ಆ ಅಳು ಮನಸ್ಸಿಗೇ ಬರಲಿಲ್ಲ.

“ಇಲ್ಲ ಕಣೇ,” ಎಂದರು ಶಾಮಲಾ. “ಅವಳು ಅಂದ್ರೆ ದೇವರು ಅವನಿಗೆ. ಅವನು ಅಂಥವನಲ್ಲ.”

“ಅವನೀಗ ದ್ವೀಪದಲ್ಲೇ ಇದಾನಾ?”

ಶಾಮಲಾ ಕಿಟಕಿಯ ಕಡೆ ನೋಡಿದರು. ಚಕ್ರಪಾಣಿ ಮುಖದಿಂದ ಕೈ ತೆಗೆದು ಹೆಂಡತಿಯ ಕಡೆ ತಿರುಗಿದರು. “ಹೇಳು ಶಾಮಲಾ.”

ಆಕೆ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇವತ್ತು ಬೆಳಿಗ್ಗೆ ಪೃಥ್ವಿ ತಾನಾಗಿಯೇ ಫೆರಿ ಹತ್ತಿ ಬಂದು ಫೋನ್ ಮಾಡಿದನಂತೆ. ಇನ್ನು ತಡೆಯಲಾಗುವುದಿಲ್ಲ ಅಕ್ಕ, ಊರಿಗೆ ಹೋಗುತ್ತೇನೆ, ಹೋಗುವ ಮುಂಚೆ ಕ್ರಿಸ್ಟಿನಾಳ ಆಂಟಿಯ ಕಾಲಿಗೆ ಬಿದ್ದು ಹೋಗಬೇಕು ಎಂದನಂತೆ. ಒಳ್ಳೆಯ ಮನಸ್ಸು ಎಂದುಕೊಂಡು ಈಕೆಯೇ ಹೋಗಿ ಕಾರಿನಲ್ಲಿ ಕೂರಿಸಿಕೊಂಡು...

“ಅವರ ಮನೆ ಬಾಗಿಲಿಗೆ ಬಿಟ್ಟು, ನೀನು ಬರೋ ಸ್ವಲ್ಪ ಮುಂಚೆ ವಾಪಸ್ ಬಂದೆ,” ಎಂದರು.

ಮೈತ್ರಿ ದಂಡೆಯಲ್ಲಿ ಕೂತು ಅಳುತ್ತಿದ್ದ ಹೊತ್ತು ಅದು. ಗುಡ್ಡದ ಮೇಲಿನ ಆ ಮನೆಯಲ್ಲಿ ಆಗ್ನೆಸ್ ಒಬ್ಬರೇ. ಆಲ್ಫ್ರೆಡ್ ಪಾಳಿ ಮುಗಿಸಿ ಬರುವುದು ಸಂಜೆಗೆ.

ಅವಳು ಕೈ ತೊಳೆಯದೆ, ಎಡಗೈಯಲ್ಲೇ ಫೋನ್ ತೆಗೆದು ಆಗ್ನೆಸ್‌ಗೆ ಕಾಲ್ ಮಾಡಿದಳು. ರಿಂಗಾಯಿತು. ಆಗುತ್ತಲೇ ಇತ್ತು. ಚಕ್ರಪಾಣಿ ಆಗಲೇ ಎದ್ದು ಕಾರಿನ ಕೀಲಿ ಹುಡುಕುತ್ತಿದ್ದರು. ಇನ್ನೇನು ನಿಲ್ಲುತ್ತದೆ ಅನ್ನುವಾಗ ಆ ಕಡೆ ಫೋನ್ ಎತ್ತಿದರು. ಮಾತಿಲ್ಲ. ಉಸಿರಷ್ಟೇ ಕೇಳಿಸಿತು.

“ಆಗ್ನೆಸ್ ಆಂಟಿ?”

“ಅಲ್ಲ.” ಅತ್ತು ಅತ್ತು ಬತ್ತಿಹೋದ ಗಂಡುದನಿ. “ನೀವು ಆಫೀಸಿನವರಾ?”

“ಪೃಥ್ವಿ, ನಾನು ಮೈತ್ರಿ. ಆಂಟಿಗೆ ಫೋನ್ ಕೊಡು.”

ಅವನು ಕೊಡಲಿಲ್ಲ. ಅವನ ಹಿಂದೆ ಎಲ್ಲೋ, ಗುಡ್ಡದ ಕೆಳಗೆ, ದಂಡೆಯುದ್ದಕ್ಕೂ ಹೋಗುವ ರೈಲು ಕೂಗಿತು. ಅದು ದಾಟಿಹೋಗುವವರೆಗೆ ಅವನು ಕಾದ.

“ಅವತ್ತು ದಂಡೇಲಿ ನನ್ನ ಕೈಯಿಂದ ಆಗಿದ್ದನ್ನೆಲ್ಲಾ ಅವರಿಗೆ ಹೇಳ್ಬಿಟ್ಟೆ,” ಎಂದ. “ಆಮೇಲಿಂದ ಆಂಟಿ ಮಾತಾಡ್ತಾನೇ ಇಲ್ಲ. ಎಷ್ಟು ಕರೆದ್ರೂ ಕಣ್ಣು ಬಿಡ್ತಿಲ್ಲ.”